ಗುರುಬಸಮ್ಮನ ಪೆಟ್ಟಿಗೆಗೆ ಮುಯ್ಯಿ

ಶಿಕಾರಿಪುರದ ಪೇಟೆ ಬೀದಿಯಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡಿದ್ದ ಪರಮಶಿವಪ್ಪನನ್ನು ಜನ ಎರಡು ಸಂಗತಿಗೆ ನೆನೆಯುತ್ತಿದ್ದರು. ಒಂದು ಅವನ ಕೈ, ಇನ್ನೊಂದು ಅವನ ಗಂಟಲು.

ಕೈ ಎಂದರೆ ಹೆಸರು ಕೆತ್ತುವ ಕೈ. ಮದುವೆಗೋ ಗೃಹಪ್ರವೇಶಕ್ಕೋ ಕೊಡಲು ಕೊಂಡ ಕೊಳಗ, ತಂಬಿಗೆ, ಹರಿವಾಣಗಳ ಅಂಚಿನಲ್ಲಿ ಚಿಕ್ಕ ಉಳಿ ಇಟ್ಟು, ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತ, ಅಕ್ಷರಗಳನ್ನು ಚುಕ್ಕೆಚುಕ್ಕೆಯಾಗಿ ಕೂರಿಸುತ್ತಿದ್ದ. ಕರೆಂಟಿನಲ್ಲಿ ಬರೆಯುವ ಯಂತ್ರ ಬಂದ ಮೇಲೂ ತೂಕದ ಪಾತ್ರೆಗೆ ಅವನು ಉಳಿಯನ್ನೇ ಹಿಡಿದ. ಯಂತ್ರದ ಅಕ್ಷರ ಬೂದಿ ಹಾಕಿ ತಿಕ್ಕಿದರೆ ಮಾಸುತ್ತದೆ, ತನ್ನದು ಮೊಮ್ಮಕ್ಕಳ ಕಾಲಕ್ಕೂ ಬೆರಳಿಗೆ ತಾಗುತ್ತದೆ ಎಂದು ಅವನ ಹೆಮ್ಮೆ.

ಗಂಟಲು ಎಂದರೆ ಮುಯ್ಯಿ ಕೂಗುವ ಗಂಟಲು. ಮುಯ್ಯಿಯನ್ನು ಬರಿಯ ಉಡುಗೊರೆ ಎನ್ನಲಾಗದು. ನಮ್ಮ ಮನೆಯ ಮದುವೆಗೆ ಅವರು ತಂದದ್ದನ್ನು ಅವರ ಮನೆಯ ಮದುವೆಗೆ ನಾವು ಮರಳಿಸಲೇಬೇಕು, ಒಂದು ಕೈ ಹೆಚ್ಚೇ ಆಗಬೇಕು. ಅದನ್ನು ನಾಲ್ಕು ಜನರ ಕಿವಿಗೆ ಬೀಳುವಂತೆ ಕೂಗಿ ಹೇಳುವುದು ಆ ಕಡೆಯ ವಾಡಿಕೆ. ಅಕ್ಷತೆ ಬಿದ್ದ ಮೇಲೆ ಪರಮಶಿವಪ್ಪ ಮೈಕಿನ ಮುಂದೆ ಕೂತನೆಂದರೆ, "ಉಡುತಡಿ ಬಂಗಾರಪ್ಪನೋರಿಂದ ಮದುಮಗಳಿಗೆ ಹಿತ್ತಾಳೆ ಕೊಳಗ ಒಂದೂ..." ಎಂದು ಆ 'ಒಂದೂ' ಎಳೆಯುವಾಗ ಕೊಟ್ಟವನ ಎದೆ ಒಂದು ಗೇಣು ಉಬ್ಬುತ್ತಿತ್ತು. ಒಂದೇ ಕೊಳಗಕ್ಕೆ ಹೆಸರು ಕೆತ್ತಿದವನೂ ಅವನೇ, ಕೂಗಿದವನೂ ಅವನೇ. ಹಾಗಾಗಿ ಮನುಷ್ಯನಿಗೆ ತನ್ನ ಹೆಸರಿನ ಮೇಲಿರುವ ಹಸಿವು ಎಂಥದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸಮಾಜದ ಕಲ್ಯಾಣ ಮಂಟಪಕ್ಕೆ ಅವನು ಕಾರ್ಯದರ್ಶಿ. ನಿವೇಶನ ಇಕ್ಕಟ್ಟಾಗಿದ್ದರಿಂದ ಹಿರಿಯರು ಕೆಳಗೆ ಮಂಟಪ, ಹಿಂದೆ ಅಡುಗೆಮನೆ, ಮೇಲೆ ಊಟದ ಸಾಲೆ ಕಟ್ಟಿಸಿದ್ದರು. ಅಡುಗೆಮನೆಯಿಂದ ಅನ್ನ ಸಾರು ಮೇಲಕ್ಕೆ ಸಾಗಿಸಲು ಗೋಡೆಯೊಳಗೆ ಒಂದು ಗೂಡು ಬಿಟ್ಟು, ಅದರಲ್ಲಿ ಮೋಟಾರಿನ ಲಿಫ್ಟ್ ಕೂರಿಸಿದ್ದರು. ಹುಬ್ಬಳ್ಳಿಯ ಯಾವುದೋ ಗೋದಾಮು ಮುರಿಯುವಾಗ ಅಗ್ಗಕ್ಕೆ ಕೊಂಡು ತಂದದ್ದು. ಮನುಷ್ಯರು ಹತ್ತುವಂತಹದಲ್ಲ. ತಗಡಿನ ಪೆಟ್ಟಿಗೆ, ಕೊಳಗಗಳು ಹಿಡಿಯುವಷ್ಟು ಅಗಲ. ಮಾಳಿಗೆಯ ಮೇಲಿನ ಕೋಣೆಯಲ್ಲಿ ಮೋಟಾರು, ಹಗ್ಗ ಸುತ್ತುವ ಉರುಳೆ, ಬ್ರೇಕು. ಊರವರು ಇಡೀ ಲಿಫ್ಟನ್ನೇ ಪೆಟ್ಟಿಗೆ ಎಂದು ಕರೆಯುತ್ತಿದ್ದರು.

ತೊಂಬತ್ತನಾಲ್ಕರ ದೀಪಾವಳಿ ಕಳೆದ ಮೇಲಿನ ಮೊದಲ ಲಗ್ನದಲ್ಲಿ ಪೆಟ್ಟಿಗೆ ನಡುದಾರಿಯಲ್ಲಿ ನಿಂತಿತು. ಎರಡನೆಯ ಪಂಕ್ತಿ ಕೂತಾಗಿತ್ತು. ಎಲೆಯ ಮೇಲೆ ಉಪ್ಪು, ಕೋಸಂಬರಿ, ಪಲ್ಯ, ಅನ್ನ ಎಲ್ಲ ಬಿದ್ದು ಸಾರಿಗೆ ಕಾಯುತ್ತಿದ್ದರು.

"ಏ ಮ್ಯಾಲಿನೋರಾ, ಎಳ್ಕೊಳ್ರಪ್ಪಾ!" ಎಂದು ಅಡುಗೆಯ ಶೇಷಪ್ಪ ಕೆಳಗಿನಿಂದ ಕೂಗಿದ.

"ಬಂದ್ರೆ ತಾನೆ ಎಳ್ಕೊಳೋದು! ನಿನ್ ಸಾರು ನಡುಮಧ್ಯ ತಪಸ್ಸಿಗೆ ಕುಂತೈತೆ."

ಪಂಕ್ತಿಯಲ್ಲಿದ್ದ ಮುದುಕರೊಬ್ಬರು, "ಸಾರಿಗೆ ಶಿರಾಳಕೊಪ್ಪದ ಬಸ್ಸು ತಪ್ಪೈತಂತ ಕಾಣ್ತೈತಿ, ಮಜ್ಜಿಗೆನಾರ ನಡ್ಕೊಂಡು ಬರ್ತೈತೇನು ನೋಡ್ರಿ" ಎಂದರು. ಸಾಲೆಯೆಲ್ಲ ನಕ್ಕಿತು. ಹೆಣ್ಣಿನ ಅಪ್ಪ ಒಬ್ಬನೇ ನಗಲಿಲ್ಲ, ಗಂಡಿನ ಕಡೆಯವರ ಮುಖವನ್ನೇ ನೋಡುತ್ತ ಬೆವರಿದ.

ಶೇಷಪ್ಪ ಏನಾಗಿದೆಯೆಂದು ನೋಡಲು ಗೂಡಿನೊಳಗೆ ತಲೆ ಹಾಕಿದ. ಅಷ್ಟರಲ್ಲಿ ಪೆಟ್ಟಿಗೆ ಸರ್ರನೆ ಕೆಳಗೆ ಜಾರಿ, ಅವನ ತಲೆಯ ಮೇಲೆ ಒಂದು ಮೊಳದಲ್ಲಿ ಧಡ್ ಎಂದು ಹಿಡಿದುಕೊಂಡಿತು. ಕುಲುಕಿದ ಸಾರು ಅವನ ಹೆಗಲ ಮೇಲೆ ಸುರಿಯಿತು. ಹೆಗಲಿನ ಚರ್ಮ ಬಾಳೆಯ ಸಿಪ್ಪೆಯಂತೆ ಸುಲಿದು ಬಂತು. ಉಳಿದ ಊಟವನ್ನು ಮೆಟ್ಟಿಲ ಮೇಲೆ ಹೊತ್ತು ಮುಗಿಸಿದರು.

ಶಿವಮೊಗ್ಗದಿಂದ ಶರತ್ ಎಂಬ ಲಿಫ್ಟ್ ಮೆಕ್ಯಾನಿಕ್ ಬಂದ. ಮಾಳಿಗೆ ಕೋಣೆಗೆ ಪರಮಶಿವಪ್ಪನನ್ನೂ ಹತ್ತಿಸಿಕೊಂಡು ಹೋಗಿ, ತಂತಿ ಹಗ್ಗದ ಮೇಲೆ ಅರಿವೆಯ ಚೂರು ಆಡಿಸಿ ತೋರಿಸಿದ. ಅರಿವೆ ಹೆಜ್ಜೆಗೊಂದು ಕಡೆ ಸಿಕ್ಕಿಕೊಂಡಿತು. ಎಳೆಗಳು ಕಡಿದು ಜಾಲಿಮುಳ್ಳಿನಂತೆ ಎದ್ದಿದ್ದವು.

"ನೋಡಿ ಸಾರ್, ಹಗ್ಗ ಹೋಗಿದೆ, ಬ್ರೇಕು ಸವೆದಿದೆ. ಮೊದಲು ಇವೆರಡು ಆಗಬೇಕು. ಮೋಟಾರು, ಗೇರು ಆಮೇಲೆ, ಬೇಕಾದ್ರೆ ಮುಂದಿನ ವರ್ಷಕ್ಕೆ ಇಟ್ಕೊಳ್ಳಿ. ಪೆಟ್ಟಿಗೆ ಕಡೇಗೆ. ತಗಡು ಎಲ್ಲೋ ಅಲ್ಲಲ್ಲಿ ತುಕ್ಕು ಹಿಡಿದಿದೆ ಅಷ್ಟೆ, ಅದರಿಂದ ಯಾರಿಗೂ ಏನೂ ಆಗಲ್ಲ. ಅಲ್ಲೀತನಕ ಅರ್ಧ ತುಂಬಿಸಿ, ಪೂರ್ತಿ ತುಂಬಿಸಬೇಡಿ."

ಬ್ರೇಕನ್ನು ತಾತ್ಕಾಲಿಕವಾಗಿ ಬಿಗಿ ಮಾಡಿ ಹೋದ. ಅವನು ಹೇಳಿದ ಸರದಿಯಲ್ಲೇ ಪರಮಶಿವಪ್ಪ ಬಜೆಟ್ಟು ಹಾಕಿ ಕಮಿಟಿಯ ಮುಂದಿಟ್ಟ. ಪೆಟ್ಟಿಗೆ ಬಿಟ್ಟು ಎಲ್ಲ ಸೇರಿ ನಲವತ್ತು ಸಾವಿರದ ಮೇಲೆ. ಅಧ್ಯಕ್ಷ ಚನ್ನೇಶ್ ವಕೀಲ, ಮಾತಿಗೆ ಎಂದೂ ಬರಗಾಲವಿಲ್ಲದವ. ಬಾಡಿಗೆಯಿಂದ ಬಂದದ್ದು ಸುಣ್ಣ ಬಣ್ಣಕ್ಕೆ ಹೋಗಿದೆ, ದಾನಿಗಳನ್ನು ಹಿಡಿಯಿರಿ ಎಂದು ಕೈ ತೊಳೆದುಕೊಂಡ.

ಪರಮಶಿವಪ್ಪ ಮನೆಮನೆ ಸುತ್ತಿದ. ಮಂಟಪದಲ್ಲಿ ದಾನಿಯ ಹೆಸರಿಲ್ಲದ ವಸ್ತುವೇ ಇರಲಿಲ್ಲ. ಫ್ಯಾನಿನ ಮೂರು ರೆಕ್ಕೆಗೂ ಹೆಸರು, ಟ್ಯೂಬ್‌ಲೈಟಿನ ಪಟ್ಟಿಗೆ ಹೆಸರು, ಕೈ ತೊಳೆಯುವ ನಲ್ಲಿಯ ಮೇಲಿನ ಕನ್ನಡಿಗೆ ಹೆಸರು. ಕೊಡುವ ಮನಸ್ಸಿಲ್ಲದ ಊರಲ್ಲ ಅದು. ಬಟ್ಟೆ ಅಂಗಡಿಯ ಸಾಹುಕಾರರು ಮಜ್ಜಿಗೆ ಕೊಟ್ಟು ಕೂರಿಸಿದರು.

"ಫ್ಯಾನ್ ಕೊಡ್ತೀನಿ ತಗೊಳ್ರಿ ಪರಮಶಿವಪ್ಪ."

"ಫ್ಯಾನ್ ಬೇಕಾದಷ್ಟು ಅದಾವ್ರೀ, ಗಾಳಿಗೆ ಎಲೆನೇ ಹಾರಿ ಹೋಗ್ತಾವೆ. ಬ್ರೇಕ್ ಕೊಡ್ರಿ."

"ಬ್ರೇಕ್ ಎಲ್ಲಿರ್ತದ್ರೀ?"

"ಮಾಳಿಗೆ ಮ್ಯಾಲೆ, ಕೋಣೇಲಿ."

"ಅಲ್ಲಿ ನಮ್ಮಪ್ಪನ ಹೆಸ್ರು ಬರೆಸಿದ್ರೆ ಯಾರು ಓದ್ತಾರ್ರೀ, ಹಲ್ಲಿನಾ?"

ಹೋದಲ್ಲೆಲ್ಲ ಇದೇ ಮಾತು ಬೇರೆ ಬೇರೆ ಬಾಯಲ್ಲಿ ಬಂತು. ಹಗ್ಗದ ಹೆಸರೆತ್ತಿದರಂತೂ ಜನ ಎದ್ದೇ ನಿಲ್ಲುತ್ತಿದ್ದರು. ಅಪ್ಪ ಅಮ್ಮನ ನೆನಪಿಗೆ ಹಗ್ಗ ಕೊಡುವುದುಂಟೇ ಎಂದು.

ಈ ನಡುವೆ ಮನೆಯಲ್ಲಿ ಮಗಳ ಚೊಚ್ಚಲ ಬಸುರಿನ ಕುಬಸ ಬಂತು. ಒಬ್ಬಳೇ ಮಗಳು, ವಾಣಿಶ್ರೀ. ಸೊರಬದ ಅಕ್ಕಿ ಗಿರಣಿ ವೀರಬಸಪ್ಪನ ಮಗ ರೇಣುಕಾಪ್ರಸಾದನಿಗೆ ಕೊಟ್ಟಿದ್ದ. ಬೀಗ ವೀರಬಸಪ್ಪ ದೊಡ್ಡ ಮೀಸೆಯ, ದೊಡ್ಡ ದನಿಯ, ಕೊಟ್ಟರೆ ಎರಡೂ ಕೈಯಲ್ಲಿ ಕೊಡುವ ಆಸಾಮಿ. ಅವನ ಕಾಲವಾದ ತಾಯಿ ಗುರುಬಸಮ್ಮನ ತವರು ಶಿಕಾರಿಪುರ. ಕುಬಸದ ಊಟದ ಎಲೆಯ ಮುಂದೆ ಲಿಫ್ಟಿನ ಮಾತು ಬಂತು. ಕೂತಿದ್ದವರಲ್ಲಿ ಚನ್ನೇಶ್ ಕೂಡ ಇದ್ದ.

"ಎಂತದ್ರೀ ಬೀಗ್ರೆ, ಒಂದು ಪೆಟ್ಟಿಗೆಗೆ ಊರೆಲ್ಲ ತಿರುಗೋದಾ? ಪೆಟ್ಟಿಗೆ ನಂದು. ನಮ್ಮವ್ವನ ಹೆಸ್ರಲ್ಲಿ. ಸ್ಟೀಲಿಂದು ಮಾಡಸ್ತೀನಿ, ಮುಂದಕ್ಕೆ ಹಿತ್ತಾಳೆ ನಂದಿ ಇರ್ಲಿ. ಊಟಕ್ಕೆ ಕುಂತೋರು ಕೈ ಮುಗೀಬೇಕು!"

ಪೆಟ್ಟಿಗೆ ಕಡೆಗೆ ಆಗಬೇಕಾದದ್ದು, ಮೊದಲು ಹಗ್ಗ ಎಂಬ ಮಾತು ಪರಮಶಿವಪ್ಪನ ನಾಲಿಗೆಯ ತುದಿಗೆ ಬಂತು. ಬಸುರಿ ಮಗಳು ಹಸಿರು ಬಳೆ ತೊಟ್ಟು ಎದುರಿಗೇ ಕೂತಿದ್ದಳು. ಬೀಗ ನಾಲ್ಕು ಜನರ ನಡುವೆ ಆಡಿದ ಮಾತು. ಅವನು ಮಾತನ್ನು ಅನ್ನ ತುಪ್ಪದ ಜೊತೆ ಕಲಸಿ ನುಂಗಿದ. ಮುಂದಿನ ಕಮಿಟಿಯಲ್ಲಿ ಚನ್ನೇಶ್, ಲಿಫ್ಟಿನ ಕೆಲಸ ಮುಗಿದಂತೆಯೇ ಎಂದು ಸಾರಿ, ಹಗ್ಗ ಬ್ರೇಕುಗಳನ್ನು ಮುಂದಿನ ವರ್ಷದ ಬಜೆಟ್ಟಿಗೆ ದೂಡಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಪರಮಶಿವಪ್ಪ ಅದನ್ನೇ ನಡಾವಳಿಗೆ ಬರೆದುಕೊಂಡ.

ಸಂಕ್ರಾಂತಿ ಕಳೆದು ವಾಣಿಶ್ರೀ ತವರಿನಲ್ಲೇ ಹೆಣ್ಣು ಹೆತ್ತಳು. ಧನ್ಯಾ ಎಂದು ಹೆಸರಿಟ್ಟರು. ಬಾಣಂತನ ಮುಗಿದು ಐದನೆಯ ತಿಂಗಳಿಗೆ ಗಂಡನ ಮನೆಯವರು ಬಂದು, ಉಡಿ ತುಂಬಿಸಿಕೊಂಡು, ತಾಯಿ ಮಗುವನ್ನು ಕರೆದುಕೊಂಡು ಹೋಗಬೇಕು. ಅವರು ಕರೆಯಲು ಬಾರದೆ ಹೆಣ್ಣು ತಾನಾಗಿ ಹೋಗುವಂತಿಲ್ಲ.

ಶಿವರಾತ್ರಿ ಮುಗಿದ ವಾರ ಪೆಟ್ಟಿಗೆ ಬಂತು. ಶಿರಾಳಕೊಪ್ಪದ ವೆಲ್ಡಿಂಗ್ ಅಂಗಡಿಯಲ್ಲಿ ತಯಾರಾಗಿ, ಮಾಲೆ ಹಾಕಿಸಿಕೊಂಡು, ಲಾರಿಯಲ್ಲಿ. ದಪ್ಪ ಸ್ಟೀಲಿನ ತಗಡು, ಒಳಗೆ ಮೂರು ಹಲಗೆ, ಮುಂದೆ ಮಗುವಿನಷ್ಟು ಎತ್ತರದ ಹಿತ್ತಾಳೆ ನಂದಿ, ಅದರ ಕೆಳಗೆ 'ಲಿಂಗೈಕ್ಯ ಗುರುಬಸಮ್ಮನವರ ಸ್ಮರಣಾರ್ಥ' ಎಂಬ ಎರಕದ ಅಕ್ಷರ. ಇಳಿಸುವಾಗ ಹಮಾಲರು ಏದುಸಿರು ಬಿಟ್ಟರು. ಕಟ್ಟಲು ಕರೆಸಿದ್ದ ಶರತ್ ಅದನ್ನು ಒಂದು ಸುತ್ತು ಬಂದು, ಮೂಲೆ ಹಿಡಿದು ಎತ್ತಿ ನೋಡಿ ಕೈ ಬಿಟ್ಟ.

"ಹಳೇದು ಅನ್ನ ಸಾರು ತುಂಬಿದಾಗ ಎಷ್ಟು ತೂಗ್ತಿತ್ತೋ, ಇದು ಖಾಲಿನೇ ಅಷ್ಟು ತೂಗುತ್ತೆ. ಇದನ್ನ ಆ ಹಗ್ಗಕ್ಕೆ ನಾನು ಕಟ್ಟಲ್ಲ ಸಾರ್. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

"ನೋಡ್ಕೊಳ್ಳೋಣ ಬಿಡ್ರಿ, ದಾವಣಗೆರೇಲಿ ಒಬ್ಬ ಮೆಕ್ಯಾನಿಕ್ ಅದಾನೆ. ಕಟ್ತೀನಿ ಅಂದಾನೆ" ಎಂದ ಚನ್ನೇಶ್.

ಆ ದಿನ ಪರಮಶಿವಪ್ಪ ಹೇಗೋ ಮಾತು ತೇಲಿಸಿದ. ಪೆಟ್ಟಿಗೆಯನ್ನು ಊಟದ ಸಾಲೆಯ ಬಾಗಿಲ ಬಳಿ ಒಂದು ಮಣೆಯ ಮೇಲೆ ಕೂರಿಸಿದರು. ಮಾಳಿಗೆ ಕೋಣೆಯ ಬೀಗದ ಕೈ ಕಾರ್ಯದರ್ಶಿಯ ಹತ್ತಿರವೇ ಇರುತ್ತಿತ್ತು, ಅದನ್ನು ಅವನು ಉಡಿದಾರಕ್ಕೆ ಕಟ್ಟಿಕೊಂಡ.

ಒಂದು ತಿಂಗಳು ಹೋಯಿತು, ಎರಡು ಹೋಯಿತು. ಮಗುವನ್ನು ನೋಡಲು ಬಂದ ಅಳಿಯ ಎದ್ದು ಹೋಗುವಾಗ ಚಪ್ಪಲಿ ಮೆಟ್ಟುತ್ತ ಹೇಳಿದ: "ಅಪ್ಪಾರು ಹೇಳಿ ಕಳ್ಸ್ಯಾರೆ ಮಾವಾರೆ. ಅಜ್ಜಿ ಪೆಟ್ಟಿಗೆ ಏರಿದ ದಿನಾನೆ ಕರೆಯಾಕೆ ಬರ್ತೀವಿ ಅಂತ. ಅಲ್ಲೀವರೆಗೆ ಇಲ್ಲ." ಹೇಳುವಾಗ ಅವನು ಮಾವನ ಮುಖ ನೋಡಲಿಲ್ಲ.

ಅಳಿಯನ ಬೈಕಿನ ಸದ್ದು ಬೀದಿ ದಾಟುವ ಮೊದಲೇ ಹೆಂಡತಿ ಜಗದಾಂಬ ಶುರು ಮಾಡಿದಳು.

"ಕೇಳಿದ್ರಾ? ಜ್ಯೇಷ್ಠದೊಳಗೆ ಹೋಗ್ಲಿಲ್ಲಂದ್ರೆ ಆಷಾಢ ಬಂತು. ಆಷಾಢದಾಗೆ ಯಾರೂ ಕರೆಯಾಕೆ ಬರಲ್ಲ. ಆಮ್ಯಾಲೆ ಊರೋರು ಏನಂತಾರೆ? ಮಗಳ ಬಾಳ್ವೆ ದೊಡ್ಡದಾ ನಿಮ್ಗೆ, ತಂತಿ ಹಗ್ಗ ದೊಡ್ಡದಾ?"

"ಹಗ್ಗ ಹರಿದ್ರೆ ಏನಾಗ್ತದೆ ಗೊತ್ತೇನೇ?"

"ಇಷ್ಟು ವರ್ಷ ಹರಿದಿಲ್ಲ, ನಿಮ್ ಬೀಗರ ಪೆಟ್ಟಿಗೆ ಕಂಡು ಹರೀತದಾ? ಅದೇನು ಅವರ ಮ್ಯಾಲೆ ಸಿಟ್ಟು ಇಟ್ಕೊಂಡೈತಾ?"

ವಾಣಿಶ್ರೀ ಮಗುವನ್ನು ತೊಡೆಯ ಮೇಲೆ ತಟ್ಟುತ್ತ, "ಅಮ್ಮ, ಸುಮ್ನಿರು" ಎಂದಳು. ಆಮೇಲೆ ಅಪ್ಪನ ಕಡೆ ತಿರುಗದೆಯೇ, "ನಂಗೇನಿಲ್ಲ ಅಪ್ಪಾಜಿ. ಇವಳು ಅಲ್ಲಿ ಅಂಬೆಗಾಲು ಇಡ್ಲಿ ಅಂತ ಇತ್ತು ಅಷ್ಟೆ" ಎಂದಳು. ಜಗದಾಂಬನ ಬಯ್ಗುಳಕ್ಕಿಂತ ಇದು ಅವನಿಗೆ ಆಳವಾಗಿ ನಾಟಿತು.

ಮರುದಿನ ಬೆಳಿಗ್ಗೆ ಅವನು ಸೋತ. ದಾವಣಗೆರೆಯವನನ್ನು ಕರೆಸಿ ಎಂದು ಚನ್ನೇಶನಿಗೆ ಹೇಳಿ ಬೀಗದ ಕೈ ಒಪ್ಪಿಸಲು ಮಂಟಪಕ್ಕೆ ನಡೆದ. ಅಲ್ಲಿ ಯಾರದೋ ನಿಶ್ಚಿತಾರ್ಥದ ಅಡುಗೆ ನಡೆಯುತ್ತಿತ್ತು. ಶೇಷಪ್ಪ ಮೈಮೇಲೆ ಬನಿಯನ್ನೂ ಇಲ್ಲದೆ, ಹೆಗಲ ಮೇಲೆ ಬೆಳ್ಳಗಾದ ಸುಟ್ಟ ಕಲೆಯೊಂದಿಗೆ, ಹಳೆಯ ಪೆಟ್ಟಿಗೆಗೆ ಅನ್ನದ ಕೊಳಗ ಇಟ್ಟು ಗುಂಡಿ ಒತ್ತಿದ. ಪೆಟ್ಟಿಗೆ ಮೇಲೆ ಸಾಗುತ್ತಿದ್ದಂತೆ ಗೂಡಿನೊಳಗೆ ಕತ್ತು ಚಾಚಿ, ಮುಖ ಮೇಲೆತ್ತಿ, "ಬಂತಾ? ಇಳಿಸ್ಕೊಂಡ್ರಾ?" ಎಂದು ಕೂಗಿದ. ಅಷ್ಟು ಸುಟ್ಟುಕೊಂಡ ಮೇಲೂ ಅವನಿಗೆ ಆ ಚಾಳಿ ಹೋಗಿರಲಿಲ್ಲ. ಬೇರೆ ದಾರಿಯೂ ಇರಲಿಲ್ಲ, ಮೇಲಿನವರ ಮಾತು ಕೇಳಿಸುತ್ತಿದ್ದದ್ದು ಆ ಗೂಡಿನಿಂದಲೇ.

ಪರಮಶಿವಪ್ಪ ಅವನ ಹಿಂದೆ ಸ್ವಲ್ಪ ಹೊತ್ತು ನಿಂತ. ಬೀಗದ ಕೈ ಉಡಿದಾರದಲ್ಲೇ ಉಳಿಯಿತು. ಅಲ್ಲಿಂದ ಮನೆಗೂ ಹೋಗದೆ ನೇರ ಬಸ್‌ಸ್ಟ್ಯಾಂಡಿಗೆ ಹೋಗಿ ಶಿರಾಳಕೊಪ್ಪದ ಬಸ್ಸು ಹತ್ತಿದ. ಅಲ್ಲಿ ಬಸ್ಸು ಬದಲಿಸಿ ಸೊರಬ ಸೇರುವಾಗ ಮಧ್ಯಾಹ್ನವಾಗಿತ್ತು.

ವೀರಬಸಪ್ಪ ಗಿರಣಿಯ ಜಗಲಿಯ ಮೇಲೆ ಅಕ್ಕಿ ಮಾದರಿ ಅಂಗೈಗೆ ಸುರುವಿಕೊಂಡು ನೋಡುತ್ತಿದ್ದ. ಬೀಗರಿಗೆ ಕುರ್ಚಿ ಬಂತು, ಕಾಫಿ ಬಂತು. ಮಾತನ್ನು ಪರಮಶಿವಪ್ಪನೇ ತೆಗೆದ.

"ಬೀಗ್ರೆ, ಕುಬಸದ ದಿನಾನೇ ಹೇಳ್ಬೇಕಿತ್ತು. ಹೇಳ್ಲಿಲ್ಲ. ಹಗ್ಗ ಬಲ ಇಲ್ಲ. ಅದಕ್ಕೆ ಆ ತೂಕ ಕಟ್ಟಿದ್ರೆ ಕೆಳಗೆ ನಿಂತ ಅಡುಗೆಯೋನ ತಲೆ ಉಳಿಯಲ್ಲ."

"ಅಂದ್ರೆ ನಮ್ಮವ್ವನ ಪೆಟ್ಟಿಗೆ ಕೊಲೆ ಮಾಡ್ತದೆ ಅಂತೀರಾ?"

"ಹಂಗಲ್ರೀ..."

"ಮತ್ತೆ ಹೆಂಗೆ? ನೀವು ಹಗ್ಗ ತರ್ಲಿಲ್ಲ, ಅದು ನಿಮ್ಮೂರ ಕೆಲ್ಸ. ನಾನು ಕೊಡ್ತೀನಿ ಅಂದಿದ್ದು ಕೊಟ್ಟೆ. ಎರಡು ತಿಂಗಳಿಂದ ನಮ್ಮವ್ವನ ಹೆಸ್ರು ಕೈ ತೊಳ್ಯೋ ನೀರಿನ ಪಕ್ಕ ಕುಂತೈತಿ. ಶಿರಾಳಕೊಪ್ಪದ ಸಂತೇಲಿ ನನ್ನ ಕೇಳ್ತಾರೆ ಮಾರಾಯ್ರೆ, ನಿಮ್ ಅವ್ವ ಇನ್ನೂ ಬಾಗ್ಲಾಗೇ ಕುಂತಾರಂತಲ್ಲ ಅಂತ!"

"ನಿಮ್ಮ ಮೊಮ್ಮಗಳು ಅಲ್ಲಿ ಕಾಯ್ತಾ ಐತೆ ಬೀಗ್ರೆ."

ವೀರಬಸಪ್ಪನ ಮೀಸೆ ಒಮ್ಮೆ ಅದುರಿತು. ಅಂಗೈಯ ಅಕ್ಕಿಯನ್ನು ಚೀಲಕ್ಕೆ ಸುರಿದು, "ಪೆಟ್ಟಿಗೆ ಏರಿಸ್ರಿ, ಬರ್ತೀನಿ" ಎಂದ. ಅಲ್ಲಿಗೆ ಮಾತು ಮುಗಿಯಿತು. ಊಟ ಮಾಡಿಕೊಂಡು ಹೋಗಿ ಎಂಬ ಮಾತೂ ಬಂತು. ಪರಮಶಿವಪ್ಪ ಉಂಡೇ ಹೊರಟ, ಉಣ್ಣದೆ ಹೋದರೆ ಅದೊಂದು ಬೇರೆ ರಾಮಾಯಣವಾಗುತ್ತಿತ್ತು.

ಮಾರನೆಯ ವಾರ ಮಂಟಪದಲ್ಲಿ ಹೊಸಬಾಳೆಯವರ ಮದುವೆ. ಪರಮಶಿವಪ್ಪ ಎಂದಿನಂತೆ ಮೈಕಿನ ಮುಂದೆ ಕೂತು ಮುಯ್ಯಿ ಕೂಗಿ ಮುಗಿಸಿ ಊಟಕ್ಕೆ ಮೇಲೆ ಹೋದ. ಬಾಗಿಲ ಬಳಿ ನಾಲ್ಕಾರು ಹೆಂಗಸರು ಪೆಟ್ಟಿಗೆಯ ಬಾಗಿಲು ತೆಗೆದು ಬಗ್ಗಿ ನೋಡುತ್ತಿದ್ದರು.

"ಅಯ್ಯ, ಖಾಲಿ ಐತಲ್ಲೇ! ಇಷ್ಟು ಚೆಂದದ ಪೆಟ್ಟಿಗೆ ಮಾಡ್ಸಿ ಒಳಗೆ ಒಂದು ತಂಬಿಗೆನೂ ಇಟ್ಟಿಲ್ಲ. ಯಾವ ಮನೆ ಹೆಣ್ಣಪ್ಪ ಇದು?"

ಮದುವೆಯಲ್ಲಿ ಹೆಣ್ಣಿಗೆ ಬಂದ ಪಾತ್ರೆಗಳನ್ನು ನೋಡುವವರಿಗೆ ಕಾಣುವಂತೆ ಜೋಡಿಸಿ ಇಡುವುದು ಆ ಸೀಮೆಯಲ್ಲಿ ರೂಢಿ. ಆ ಹೆಂಗಸರಿಗೆ ಹೊಳೆಯುವ ಪೆಟ್ಟಿಗೆ, ಒಳಗಿನ ಮೂರು ಹಲಗೆ ಕಂಡು ಅದೇ ನೆನಪಾಗಿತ್ತು. ಪರಮಶಿವಪ್ಪ ಅವರ ಹಿಂದೆ ನಿಂತು ಆ ಖಾಲಿ ಹಲಗೆಗಳನ್ನು ನೋಡಿದ. ಊಟಕ್ಕೆ ಕೂರದೆ ಮೆಟ್ಟಿಲಿಳಿದು, ಕಟ್ಟಿಟ್ಟಿದ್ದ ಮೈಕನ್ನು ಮತ್ತೆ ಹಚ್ಚಿಸಿದ.

"ಬಂಧುಗಳೇ, ಒಂದು ಮಾತು. ಮ್ಯಾಲೆ ಬಾಗ್ಲಾಗೆ ಸೊರಬದಿಂದ ಬಂದ ಗುರುಬಸಮ್ಮನೋರ ಪೆಟ್ಟಿಗೆ ಕುಂತೈತೆ. ಅಜ್ಜಿ ಈ ಊರ ಮನೆಮಗಳು. ಇಷ್ಟು ವರ್ಷ ನಾವೆಲ್ಲ ಈ ಮಂಟಪದ ಪೆಟ್ಟಿಗೇಲಿ ಬಂದ ಅನ್ನ ಉಂಡೀವಿ. ನಿಮ್ಮ ಮದ್ವೆ, ನಿಮ್ಮ ಮಕ್ಕಳ ಮದ್ವೆ, ಎಲ್ಲದಕ್ಕೂ ಅದು ದುಡಿದೈತೆ. ಅದಕ್ಕೆ ಇವತ್ತಿನವರೆಗೆ ಯಾರೂ ಮುಯ್ಯಿ ತೀರಿಸಿಲ್ಲ. ಬರಿಮೈಲಿ ಕುಂತೈತೆ ಹೆಣ್ಣು. ಅದಕ್ಕೆ ಬ್ರೇಕು ಬೇಕು, ಗೇರು ಬೇಕು, ಮೋಟಾರು ಬೇಕು, ಹಗ್ಗ ಬೇಕು. ಕೊಟ್ಟೋರ ಹೆಸ್ರು ನಾನೇ ಕೆತ್ತಿ, ಈ ಮೈಕಿನಾಗೆ ಕೂಗಿ, ಪೆಟ್ಟಿಗೇಲಿ ಜೋಡಿಸಿಡ್ತೀನಿ. ಲಗ್ನದ ಕಾಲ ಮುಗಿಯೋ ತನಕ ಬಂದೋರೆಲ್ಲ ನೋಡ್ಲಿ. ಆಮ್ಯಾಲೆ ಮಾಳಿಗೆ ಮ್ಯಾಲೆ ಹೋಗ್ಲಿ."

ಜನ ಮೊದಲು ನಕ್ಕರು. ಬಟ್ಟೆ ಅಂಗಡಿಯ ಸಾಹುಕಾರರು ಅಲ್ಲೇ ಕೂತಿದ್ದರು. ಪಕ್ಕದವನು ಅವರನ್ನು ಮೊಣಕೈಯಲ್ಲಿ ತಿವಿದು, "ನಿಮ್ಮ ಮೂರು ಮಕ್ಕಳ ಮದ್ವೆನೂ ಇಲ್ಲೇ ಆದ್ವಲ್ರೀ" ಎಂದ. ಸಾಹುಕಾರರು ಸುತ್ತ ನೋಡಿದರು. ಮುಯ್ಯಿ ಉಳಿಸಿಕೊಂಡವನು ಎನ್ನಿಸಿಕೊಳ್ಳುವುದು ಅವರಿಗೆ ಸಾಲಗಾರ ಎನ್ನಿಸಿಕೊಳ್ಳುವುದಕ್ಕಿಂತ ಕೆಟ್ಟದ್ದು.

"ಬ್ರೇಕ್ ನಂದು ಅಂತ ಕೂಗ್ರಿ" ಎಂದರು. "ಸ್ವಲ್ಪ ಎಳೆದು ಕೂಗ್ರಿ."

ಪರಮಶಿವಪ್ಪ ಎಳೆದೇ ಕೂಗಿದ. "ಬ್ರೇಕು ಒಂದೂ..."

ಅಲ್ಲಿಂದ ವೈಶಾಖ ಪೂರ್ತಿ ಹೊಸ ನೋಟ ನಡೆಯಿತು. ಶರತ್ ಶಿವಮೊಗ್ಗದಿಂದ ಒಂದೊಂದೇ ಸಾಮಾನು ತಂದು ಇಳಿಸುವನು. ಎಲ್ಲೆಲ್ಲಿ ಉಳಿ ತಾಗಿಸಿದರೆ ಕೆಡುಕಿಲ್ಲವೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ ಕೊಡುವನು. ಪರಮಶಿವಪ್ಪ ಅಂಗಡಿಯ ಮೆಟ್ಟಿಲ ಮೇಲೆ ಕೂತು ಬ್ರೇಕಿನ ಹೊರಮೈಗೆ, ಗೇರಿನ ಮುಚ್ಚಳಕ್ಕೆ ಹೆಸರು ಕೂರಿಸುವನು. ಮಸಿ ಬಡಿದ ಕಬ್ಬಿಣದ ಮೇಲೆ ಅಷ್ಟು ಮುದ್ದಾದ ಅಕ್ಷರ ಯಾರೂ ಕಂಡಿರಲಿಲ್ಲ. ಸಾಮಾನಿಗೆ ವಿಭೂತಿ ಹಚ್ಚಿ ಪೆಟ್ಟಿಗೆಯ ಹಲಗೆಯ ಮೇಲಿಟ್ಟರೆ, ಕೈ ತೊಳೆದ ಜನ ಸಾಲಾಗಿ ನಿಂತು ಓದುವರು. ಕೊಟ್ಟವನು ನೆಂಟರನ್ನು ಕರೆತಂದು ತೋರಿಸುವನು. ಮೋಟಾರಿಗೆ ಒಬ್ಬರ ಕೈ ಸಾಲದೆಂದು ಶಿರಾಳಕೊಪ್ಪದ ಬೆಲ್ಲದ ವರ್ತಕರು ಕೂಡಿ ಕೊಟ್ಟರು. ಅದಕ್ಕೆ ಹೆಸರುಗಳು ಹಿಡಿಯದೆ ಹಿಂಬದಿಗೂ ಕೆತ್ತಬೇಕಾಯಿತು. ಬಜೆಟ್ಟಿನಲ್ಲಿ ಮುಂದಿನ ವರ್ಷಕ್ಕೆಂದು ಬಿಟ್ಟಿದ್ದದ್ದೂ ಈ ವರ್ಷವೇ ಬಂದಿತ್ತು. ಚನ್ನೇಶ್ ಮಾತ್ರ, ಕಮಿಟಿಯನ್ನು ಕೇಳದೆ ಮೈಕಿನಲ್ಲಿ ಬಜೆಟ್ ಮಂಡಿಸುವ ಕಾರ್ಯದರ್ಶಿಯನ್ನು ಮೊದಲ ಸಲ ನೋಡುತ್ತಿದ್ದೇನೆ ಎಂದು ಮೂಗು ಮುರಿದ.

ಹಗ್ಗವನ್ನು ಯಾರೂ ಮುಟ್ಟಲಿಲ್ಲ. ಅದಕ್ಕೆ ಹೆಸರು ಕೆತ್ತುವಂತಿಲ್ಲ, ನೋಡಿದರೆ ಚೆಂದವೂ ಇಲ್ಲ. ಮೇಲಿನ ಹಲಗೆ ಖಾಲಿಯೇ ಉಳಿಯಿತು. ಜ್ಯೇಷ್ಠ ಹುಟ್ಟಿತು. ಲಗ್ನಗಳು ಬೆರಳೆಣಿಕೆಗೆ ಬಂದವು. ಜಗದಾಂಬ ಮಾತು ಬಿಟ್ಟು ಪಾತ್ರೆ ಕುಕ್ಕುವುದಕ್ಕೆ ಇಳಿದಿದ್ದಳು. ಮಗು ಬೋರಲು ಬೀಳಲು ಕಲಿತಿತ್ತು. ಕಡೆಗೆ ಹಗ್ಗವನ್ನು ತಾನೇ ಕೊಳ್ಳುವುದೆಂದು ಪರಮಶಿವಪ್ಪ ಅಂಗಡಿಯ ಗಲ್ಲಾಪೆಟ್ಟಿಗೆ ತಡವಿದ. ಆದರೆ ಶರತ್‌ ಇನ್ನೊಂದು ಮಾತು ಹೇಳಿ ಹೋಗಿದ್ದ. ಹೊಸ ಹಗ್ಗ ಬಂದರೂ ಹಿತ್ತಾಳೆ ನಂದಿ ಕಳಚಲೇಬೇಕು, ಮುಂದಿನ ಭಾರಕ್ಕೆ ಪೆಟ್ಟಿಗೆ ವಾಲಿ ಗೋಡೆಗೆ ಉಜ್ಜುತ್ತದೆ ಎಂದು. ಅದನ್ನು ಬೀಗನಿಗೆ ಹೇಳುವವರು ಯಾರು?

ಇತ್ತ ಸೊರಬಕ್ಕೂ ಸುದ್ದಿ ಮುಟ್ಟಿತ್ತು. ಒಂದು ದಿನ ಲಗ್ನದ ಊಟ ನಡೆಯುತ್ತಿರುವಾಗ ವೀರಬಸಪ್ಪ ಯಾರಿಗೂ ಹೇಳದೆ ಮೆಟ್ಟಿಲೇರಿ ಬಂದ. ಯಾರ ಮದುವೆಯೆಂದೂ ಅವನಿಗೆ ಗೊತ್ತಿರಲಿಲ್ಲ. ಪೆಟ್ಟಿಗೆಯ ಮುಂದೆ ನಿಂತಿದ್ದ ಜನ ಸರಿದು ದಾರಿ ಬಿಟ್ಟರು. ಅವನು ಬಗ್ಗಿ ಒಂದೊಂದೇ ಹೆಸರು ಓದಿದ. ಬ್ರೇಕು ಯಾರದು, ಗೇರು ಯಾರದು, ಮೋಟಾರು ಯಾರಯಾರದು.

"ಏನ್ರೀ ಬೀಗ್ರೆ, ನಮ್ಮವ್ವನ ಪೆಟ್ಟಿಗೇಲಿ ಊರೋರ ಹೆಸ್ರೆಲ್ಲ ಕುಂತಾವೆ!"

ಕೆಳಗಿನಿಂದ ಓಡಿ ಬಂದ ಪರಮಶಿವಪ್ಪ ಏದುಸಿರಿನಲ್ಲೇ, "ತವರಿನೋರು ಉಡಿ ತುಂಬ್ಯಾರ್ರೀ" ಎಂದ.

ವೀರಬಸಪ್ಪ ಮೇಲಿನ ಹಲಗೆ ತೋರಿಸಿದ. "ಇದ್ಯಾಕೆ ಖಾಲಿ?"

"ಅದು ಹಗ್ಗದ ಜಾಗ. ಅದನ್ನ ಯಾರೂ ಕೊಡ್ಲಿಲ್ಲ, ಹೆಸ್ರು ನಿಲ್ಲಲ್ಲ ಅಂತ. ನಾನೇ ತರ್ಬೇಕು ಅಂತ ಮಾಡೀನಿ."

"ನೀವಾ?" ವೀರಬಸಪ್ಪನ ದನಿ ಸಾಲೆಗೆಲ್ಲ ಕೇಳುವಂತೆ ಏರಿತು. "ಎಂತ ಮಾತು ಆಡ್ತೀರಿ! ನಮ್ಮವ್ವ ಕಂಡೋರ ಹಗ್ಗದಾಗೆ ಜೋತಾಡ್ಬೇಕಾ? ಹಗ್ಗ ನಂದು. ಹೋಗಿ ಕೂಗ್ರಿ."

"ಬೀಗ್ರೆ, ಇನ್ನೊಂದು..." ಈ ಸಲ ಪರಮಶಿವಪ್ಪ ಮಾತನ್ನು ಅನ್ನದಲ್ಲಿ ಕಲಸಿ ನುಂಗಲಿಲ್ಲ. "ನಂದಿ ತೆಗೀಬೇಕು. ಅದಿದ್ರೆ ಪೆಟ್ಟಿಗೆ ವಾಲ್ತದೆ. ಮೊದ್ಲೇ ಹೇಳ್ತಾ ಇದೀನಿ. ಇದಕ್ಕೆ ನೀವು ಸಿಟ್ಟಾಗಿ ಹೋದ್ರೂ ನಾನು ನಂದಿ ಇಟ್ಟು ಏರ್ಸೋನಲ್ಲ."

ಪಂಕ್ತಿಯಲ್ಲಿ ಕೂತವರ ಕೈ ಎಲೆಯ ಮೇಲೆಯೇ ನಿಂತಿತು. ವೀರಬಸಪ್ಪ ನಂದಿಯ ಕೊಂಬನ್ನು ಹಿಡಿದುಕೊಂಡ. "ಮೈಸೂರಿಂದ ತರ್ಸಿದ್ದು" ಎಂದ. ಆಮೇಲೆ ಮೆಟ್ಟಿಲಿಳಿದು ಹೋದ. ಬೀಗರ ಮನೆಗೂ ಹೋಗಲಿಲ್ಲ, ಮೊಮ್ಮಗಳನ್ನೂ ನೋಡಲಿಲ್ಲ.

ಹಗ್ಗದ ದುಡ್ಡು ಮಾತ್ರ ಎರಡು ದಿನಕ್ಕೆ ಬಂತು. ನಂದಿಯ ವಿಷಯಕ್ಕೆ ಹೌದೂ ಇಲ್ಲ, ಅಲ್ಲವೂ ಇಲ್ಲ. ಪರಮಶಿವಪ್ಪ ಶರತ್‌ನನ್ನು ಕರೆಸಿ ಎಲ್ಲ ಸಾಮಾನನ್ನೂ ಮಾಳಿಗೆ ಕೋಣೆಗೆ ಹತ್ತಿಸಿದ. ನಂದಿಯನ್ನು ಕಳಚಿ, ಬಟ್ಟೆಯಲ್ಲಿ ಸುತ್ತಿ, ಅಂಗಡಿಯಲ್ಲಿ ತನ್ನ ಬೆನ್ನ ಹಿಂದೆ ಇಟ್ಟುಕೊಂಡ. ಅಕ್ಷರಗಳನ್ನು ಹಾಗೆಯೇ ಬಿಟ್ಟ. ಪೆಟ್ಟಿಗೆ ಏರುವ ದಿನವನ್ನು ಸೊರಬಕ್ಕೆ ಹೇಳಿ ಕಳಿಸಿದ. ಜ್ಯೇಷ್ಠದ ಕಡೆಯ ಸೋಮವಾರ.

ಆ ದಿನ ಕಮಿಟಿಯವರಿಗೆ, ದಾನಿಗಳಿಗೆ ಊಟ. ಮೊದಲ ಪಂಕ್ತಿ ಕೂತು ಎಲೆಗೆ ಉಪ್ಪು ಬಿದ್ದರೂ ಬೀಗರ ಸುಳಿವಿಲ್ಲ. ಪರಮಶಿವಪ್ಪ ಕಿಟಕಿಯ ಬಳಿ ನಿಂತಿದ್ದ. ಕೆಳಗೆ ಜೀಪು ನಿಂತ ಸದ್ದಾಯಿತು. ವೀರಬಸಪ್ಪ, ಅವನ ಹೆಂಡತಿ, ಮಗ ಇಳಿದರು. ಮೂವರೂ ಮೇಲೆ ಬಂದು, ಯಾರನ್ನೂ ಮಾತಾಡಿಸದೆ, ಕಡೆಯ ಎಲೆಗಳಿಗೆ ಕೂತರು.

ಕೆಳಗೆ ಶೇಷಪ್ಪ ಗುಂಡಿ ಒತ್ತಿದ. ಮೋಟಾರು ಗುಂಯ್ ಎಂದಿತು. ಗುರುಬಸಮ್ಮನ ಹೆಸರು ಹೊತ್ತ ಪೆಟ್ಟಿಗೆ, ಮೂರು ಹಲಗೆಯ ತುಂಬ ಕೊಳಗಗಳೊಂದಿಗೆ, ಒಂದು ತೊಟ್ಟೂ ಚೆಲ್ಲದೆ ಬಂದು ನಿಂತಿತು. "ಬಂತಾ?" ಎಂದು ಗೂಡಿನಿಂದ ಶೇಷಪ್ಪನ ದನಿ ಕೇಳಿತು. "ಬಂತಪ್ಪಾ!" ಎಂದು ಮೇಲಿನವರು ಕೂಗಿದರು.

ವೀರಬಸಪ್ಪ ಪೆಟ್ಟಿಗೆಯ ಮುಂಭಾಗದಲ್ಲಿ ನಂದಿ ಇದ್ದ ಕಡೆ ಉಳಿದ ತೂತುಗಳನ್ನು ನೋಡಿದ. ಸಾರು ಬಡಿಸಿಕೊಂಡ, ಕಲಸಿದ, ಉಂಡ. ಪರಮಶಿವಪ್ಪ ಸೌಟು ಹಿಡಿದು ತಾನೇ ಅವನ ಎಲೆಯ ಮುಂದೆ ಬಂದು ನಿಂತ.

"ಇನ್ನೊಂದು ಸೌಟು ಹಾಕ್ರಿ ಬೀಗ್ರೆ" ಎಂದ ವೀರಬಸಪ್ಪ, ತಲೆ ಎತ್ತದೆಯೇ. "ನಂದಿ ಎಲ್ಲಿಟ್ಟೀರಿ?"

"ಅಂಗಡೀಲಿ ಐತೆ."

"ಜೀಪಿಗೆ ಹಾಕ್ಸ್ರಿ. ಪಡಸಾಲೇಲಿ ಕೂಸಿನ ತೊಟ್ಲು ಎದ್ರಿಗೆ ಇಡ್ತೀವಿ. ಊಟ ಆದ್ಮೇಲೆ ಉಡಿ ತುಂಬ್ಸಾಕೆ ಹೇಳ್ರಿ ಮನೇಲಿ. ಕತ್ಲಾಗೋದ್ರೊಳಗೆ ಸೊರಬ ಸೇರ್ಬೇಕು."

ಸಂಜೆ ಜೀಪು ಹೊರಟಾಗ ಹಿಂದಿನ ಸೀಟಿನಲ್ಲಿ ವಾಣಿಶ್ರೀ, ಅವಳ ಅತ್ತೆ, ಅತ್ತೆಯ ತೊಡೆಯ ಮೇಲೆ ಮಗು, ಕಾಲ ಬುಡದಲ್ಲಿ ಬಟ್ಟೆ ಸುತ್ತಿದ ನಂದಿ. ಭಾರಕ್ಕೆ ಜೀಪಿನ ಹಿಂಭಾಗ ತಗ್ಗಿತ್ತು. ಬೀದಿಯ ತಿರುವಿನಲ್ಲಿ ಅದು ಮರೆಯಾಗುವವರೆಗೆ ಪರಮಶಿವಪ್ಪ ನೋಡಿದ. ಆಮೇಲೆ ಅಂಗಡಿಯ ದೀಪ ಹಚ್ಚಿ, ನಾಳೆಯ ಗೃಹಪ್ರವೇಶಕ್ಕೆ ಯಾರೋ ಬಿಟ್ಟು ಹೋಗಿದ್ದ ತಂಬಿಗೆಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಉಳಿ ಕೈಗೆತ್ತಿಕೊಂಡ.